ಕಾರ್ಡಿಲ್ಲದೆ ಕೆಲಸವಿಲ್ಲ

ಗುರುಗ್ರಾಮದ ಹಳೆಯ ಪಾಲಂ ರಸ್ತೆಯಲ್ಲಿ ಹೋಗುವವರಿಗೆ ಮಾರುತಿ ಕಾರ್ಖಾನೆ ಗೊತ್ತು. ಅಲ್ಲಿಂದ ಉದ್ಯೋಗ ವಿಹಾರ ದಾಟಿ ಜೈಪುರ ಹೆದ್ದಾರಿಯ ಆಚೆ ಬದಿಗೆ ಹೋದರೆ ಸೈಬರ್ ಸಿಟಿಯ ಗಾಜಿನ ಕಟ್ಟಡಗಳು. ನಡುವಿನ ದೂರ ಕೆಲವೇ ಕಿಲೋಮೀಟರ್. ಎರಡೂ ಕಡೆ ಕೆಲಸ ಸಾಗುವುದು ಕಾರ್ಡಿನ ಮೇಲೆ. ಕಾರ್ಖಾನೆಯ ಕಾರ್ಡು ಹಳೆಯದು. 1983ರ ಡಿಸೆಂಬರ್ 14ರಂದು ಇಂದಿರಾ ಗಾಂಧಿ ಮೊದಲ ಮಾರುತಿ 800ರ ಕೀಲಿಕೈಯನ್ನು ಗ್ರಾಹಕರ ಕೈಗಿತ್ತರಲ್ಲ, ಆ ಕಾರಿನ ಹಿಂದೆ ಸುಜುಕಿಯವರು ತಂದ ಜಪಾನಿ ಕೆಲಸದ ಕ್ರಮಗಳಿದ್ದವು. ಕಾರ್ಡು ಅದೇ ಕುಟುಂಬದ್ದು. ಗಾಜಿನ ಕಟ್ಟಡದ ಕಾರ್ಡು ಕಂಪ್ಯೂಟರ್ ಪರದೆಯ ಮೇಲೆ ಜಾರಾಡುವಂಥದ್ದು. ಜಿರಾ, ಟ್ರೆಲ್ಲೊ, ಜೋಹೊ ಸ್ಪ್ರಿಂಟ್ಸ್, ಅಜೂರ್ ಡೆವ್‌ಆಪ್ಸ್ ಎಂದು ಹೆಸರು ಹಲವು; ಅಲ್ಲಿನ ಹುಡುಗರ ಬಾಯಲ್ಲಿ ಎಲ್ಲವೂ ‘ಟಿಕೆಟ್’.

ಎರಡು ಕಾರ್ಡುಗಳಿಗೂ ಮೂಲ ಒಂದೇ. ಆದರೆ ಕಾರ್ಖಾನೆಯಲ್ಲಿ ಅದು ಕೆಲಸವನ್ನು ತಡೆಯುತ್ತದೆ, ಕಚೇರಿಯಲ್ಲಿ ಕೆಲಸವನ್ನು ಪೇರಿಸುತ್ತದೆ. ಅಜೈಲ್ ಎಂದು ಕರೆಯುವ ಪದ್ಧತಿಯ ತಂತ್ರಾಂಶವನ್ನು ಹೊಸದಾಗಿ ತೆರೆದು ಕೂರುವ ತಂಡ ಮೊದಲ ದಿನವೇ ತಿಳಿಯಬೇಕಾದದ್ದು ಇದು. ಉಳಿದದ್ದು ಗುಂಡಿ ಒತ್ತುವ ವಿಚಾರ. ಖಾತೆ ತೆರೆ, ಪ್ರಾಜೆಕ್ಟಿಗೆ ಹೆಸರಿಡು, ಜನರನ್ನು ಸೇರಿಸು, ಅಷ್ಟೆ. ಕಾಲು ಗಂಟೆ ಸಾಕು.

ಟೊಯೋಟಾದ ಎಂಜಿನಿಯರ್ ತೈಇಚಿ ಓನೊಗೆ ಈ ಕಾರ್ಡಿನ ಉಪಾಯ ಹೊಳೆದದ್ದು ಅಮೆರಿಕದ ಸೂಪರ್‌ಮಾರ್ಕೆಟ್ಟುಗಳ ರೀತಿಯಿಂದ. ಗಿರಾಕಿ ಕಪಾಟಿನಿಂದ ಎಷ್ಟು ಎತ್ತಿಕೊಂಡನೋ ಅಷ್ಟನ್ನೇ ಅಂಗಡಿಯವನು ಮತ್ತೆ ತುಂಬುತ್ತಾನೆ. ಕಾರ್ಖಾನೆಯಲ್ಲಿ ಮುಂದಿನ ಹಂತದವನನ್ನೇ ಗಿರಾಕಿ ಎಂದುಕೊಳ್ಳಿ. ಬಾಗಿಲು ಜೋಡಿಸುವವನು ಒಂದು ಡಬ್ಬಿ ಬೋಲ್ಟು ಬಳಸತೊಡಗಿದರೆ ಅದರ ಮೇಲಿನ ಕಾರ್ಡು ಬೋಲ್ಟು ಮಾಡುವವನಿಗೆ ಹಿಂತಿರುಗುತ್ತದೆ. ಕಾರ್ಡು ಬಂದರೆ ಮಾತ್ರ ತಯಾರಿ. ಬಾರದಿದ್ದರೆ ಯಂತ್ರ ಸುಮ್ಮನಿರಲಿ, ಆಳೂ ಸುಮ್ಮನಿರಲಿ. ಯಾರಿಗೂ ಬೇಡದ ಬೋಲ್ಟುಗಳ ರಾಶಿ ಬೀಳುವುದಕ್ಕಿಂತ ಅರ್ಧ ಗಂಟೆ ಕೈಕಟ್ಟಿ ನಿಲ್ಲುವುದೇ ಅಗ್ಗ ಎಂಬುದು ಓನೊನ ಲೆಕ್ಕ. ಕಾನ್‌ಬಾನ್ ಎಂದರೆ ಇಷ್ಟೆ. ಕನ್ನಡ ನೆಲದಲ್ಲಿ ಇದರ ಮೂಲ ಮನೆತನವೇ ಬಂದು ನೆಲೆಸಿದ್ದು ಬಿಡದಿಯಲ್ಲಿ. ಟೊಯೋಟಾ ಕಿರ್ಲೋಸ್ಕರ್ ಅಲ್ಲಿ ಕ್ವಾಲಿಸ್ ತಯಾರಿಕೆ ಶುರುಮಾಡಿದ್ದು 1999ರ ಕೊನೆಗೆ. ಗುರುಗ್ರಾಮ, ಮಾನೇಸರ್‌ಗಳ ಸುತ್ತ ಬಿಡಿಭಾಗದ ಕಾರ್ಖಾನೆಗಳು ಒತ್ತೊತ್ತಾಗಿ ಬೆಳೆದದ್ದರ ಹಿಂದೆಯೂ ಇದೇ ತರ್ಕವಿದೆ. ಗೋದಾಮು ತುಂಬಿಟ್ಟುಕೊಳ್ಳುವುದಿಲ್ಲವೆಂದಾದರೆ ಸರಕು ಕೊಡುವವರು ಹತ್ತಿರವಿರಬೇಕು.

ಇದೆಲ್ಲ ಹೂವಿನ ಹಾಸಿಗೆಯಾಗಿತ್ತು ಎಂದೇನೂ ಅಲ್ಲ. 2011–12ರಲ್ಲಿ ಮಾರುತಿಯ ಮಾನೇಸರ್ ಕಾರ್ಖಾನೆಯಲ್ಲಿ ಕಾರ್ಮಿಕ ಸಂಘರ್ಷ ಭುಗಿಲೆದ್ದಾಗ ಕಾರ್ಮಿಕರ ದೂರುಗಳಲ್ಲಿ ಜೋಡಣೆ ಸಾಲಿನ ಬಿಡುವಿಲ್ಲದ ವೇಗವೂ ಇತ್ತು, ಚಹಾಕ್ಕೆ ಸಿಗುವ ಪುಟ್ಟ ವಿರಾಮವೂ ಇತ್ತು. ವೇಗವನ್ನು ಅಳೆಯುವ ಯಾವ ವ್ಯವಸ್ಥೆಯನ್ನಾದರೂ ಕಚೇರಿಗೆ ತರುವವರು ಆ ದೂರನ್ನು ನೆನಪಿಟ್ಟುಕೊಳ್ಳುವುದು ಒಳ್ಳೆಯದು.

ತಂತ್ರಾಂಶದ ಲೋಕ ಈ ಕಾರ್ಡಿಗೆ ಬಂದದ್ದು ಸುತ್ತು ಬಳಸಿ. ಮೊದಲು ಬೇಡಿಕೆ ಪಟ್ಟಿ, ಆಮೇಲೆ ವಿನ್ಯಾಸ, ಆಮೇಲೆ ಕೋಡಿಂಗ್, ಕೊನೆಗೆ ಪರೀಕ್ಷೆ ಎಂಬ ನೇರ ಇಳಿಜಾರಿನ ಕ್ರಮ ದಶಕಗಳ ಕಾಲ ನಡೆಯಿತು. ಆ ಕ್ರಮದ ಚಿತ್ರವನ್ನು 1970ರ ಲೇಖನವೊಂದರಲ್ಲಿ ಬರೆದ ವಿನ್‌ಸ್ಟನ್ ರಾಯ್ಸ್, ಇದನ್ನು ಹೀಗೇ ಜಾರಿಗೆ ತಂದರೆ ಅಪಾಯ ಎಂದು ಅಲ್ಲೇ ಎಚ್ಚರಿಸಿದ್ದ. ಜನ ಚಿತ್ರವನ್ನು ಮಾತ್ರ ಎತ್ತಿಕೊಂಡರು. 2001ರ ಫೆಬ್ರವರಿಯಲ್ಲಿ ಅಮೆರಿಕದ ಯೂಟಾ ರಾಜ್ಯದ ಸ್ನೋಬರ್ಡ್ ಎಂಬ ಹಿಮದ ತಾಣದಲ್ಲಿ 17 ಮಂದಿ ಸೇರಿ ನಾಲ್ಕು ಸಾಲಿನ ಅಜೈಲ್ ಪ್ರಣಾಳಿಕೆ ಬರೆದರು. ಅದರ ಸಾರ: ಚಿಕ್ಕ ಚಿಕ್ಕ ಕಂತುಗಳಲ್ಲಿ ಕೆಲಸ ಮುಗಿಸಿ ಬಳಸುವವರ ಕೈಗೆ ಕೊಡಿ, ಅವರು ಏನೆನ್ನುತ್ತಾರೆ ಕೇಳಿ, ಬೇಕಾದರೆ ದಾರಿ ಬದಲಿಸಿ. ಸಲಕರಣೆಗಿಂತ ಜನ ಮತ್ತು ಅವರ ನಡುವಿನ ಮಾತುಕತೆ ಮೇಲು ಎಂಬುದು ಆ ಪ್ರಣಾಳಿಕೆಯ ಮೊದಲ ಸಾಲಿನ ಆಶಯ. ಮರುವರ್ಷ ಸಿಡ್ನಿಯ ಇಬ್ಬರು ಯುವಕರು ಅಟ್ಲಾಸಿಯನ್ ಕಂಪನಿ ಕಟ್ಟಿ ಜಿರಾ ತಂದರು. ಇಂದು ನೋಯ್ಡಾದಲ್ಲಿ ಯಾರನ್ನಾದರೂ ‘ನಿಮ್ಮಲ್ಲಿ ಅಜೈಲ್ ಇದೆಯಾ’ ಎಂದು ಕೇಳಿ ನೋಡಿ. ‘ಹೂಂ, ಜಿರಾ ಇದೆ’ ಎಂಬ ಉತ್ತರ ಬಂದರೆ ಆಶ್ಚರ್ಯವಿಲ್ಲ. ಸಲಕರಣೆಯನ್ನು ಕೆಳಗಿಟ್ಟ ಪ್ರಣಾಳಿಕೆ ಸಲಕರಣೆಯ ಹೆಸರಿನಿಂದಲೇ ಗುರುತಾಗುವಂತಾಯಿತು.

ಓನೊನ ಕಾರ್ಡನ್ನು ತಂತ್ರಾಂಶದ ಕೆಲಸಕ್ಕೆ ಸರಿಯಾಗಿ ಒಗ್ಗಿಸಿದ ಮೊದಲ ಪ್ರಯೋಗಗಳಲ್ಲಿ ಒಂದು ನಮ್ಮ ಪಕ್ಕದ ಹೈದರಾಬಾದಿನಲ್ಲಿ ನಡೆಯಿತು ಎಂಬುದು ಇಲ್ಲಿನ ಅನೇಕ ಮ್ಯಾನೇಜರುಗಳಿಗೇ ಗೊತ್ತಿಲ್ಲ. 2004ರ ಸುಮಾರಿನ ಮಾತು. ಮೈಕ್ರೋಸಾಫ್ಟ್‌ನ ಒಳಬಳಕೆಯ ತಂತ್ರಾಂಶಗಳಲ್ಲಿನ ದೋಷ ತಿದ್ದುವ ಪುಟ್ಟ ತಂಡವೊಂದು ಹೈದರಾಬಾದಿನಲ್ಲಿತ್ತು. ಕೆಲಸ ನಿಧಾನವೆಂದು ಅದಕ್ಕೆ ಕೆಟ್ಟ ಹೆಸರು. ಒಂದು ಕೋರಿಕೆ ಮುಗಿಯಲು ಐದು ತಿಂಗಳ ಆಸುಪಾಸು. ತಂಡದ ಹೊಣೆ ಹೊತ್ತಿದ್ದ ದ್ರಾಗೋಸ್ ದುಮಿತ್ರಿಯು, ಸಹೋದ್ಯೋಗಿ ಡೇವಿಡ್ ಆ್ಯಂಡರ್ಸನ್ ಜೊತೆ ಕೂತು ಕಾರಣ ಹುಡುಕಿದ. ಹುಡುಗರು ಸೋಮಾರಿಗಳಾಗಿರಲಿಲ್ಲ. ಬಂದ ಪ್ರತಿ ಕೋರಿಕೆಗೂ ‘ಎಷ್ಟು ದಿನ ಹಿಡಿಯುತ್ತದೆ’ ಎಂಬ ಅಂದಾಜು ಕೊಡಬೇಕಿತ್ತು. ಆ ಅಂದಾಜು ಹಾಕುವುದರಲ್ಲೇ ತಂಡದ ಶಕ್ತಿಯ ದೊಡ್ಡ ಪಾಲು ಸೋರಿಹೋಗುತ್ತಿತ್ತು. ಅಂದಾಜು ಹಾಕಿದ ಎಷ್ಟೋ ಕೆಲಸಗಳನ್ನು ಯಾರೂ ಮಾಡಿಸುತ್ತಲೇ ಇರಲಿಲ್ಲ.

ಮದ್ದು ಸರಳವಾಗಿತ್ತು. ಅಂದಾಜು ನಿಲ್ಲಿಸಿದರು. ಒಮ್ಮೆಗೆ ಕೈಯಲ್ಲಿರುವ ಕೆಲಸಗಳಿಗೆ ಮಿತಿ ಹಾಕಿದರು. ಒಂದು ಮುಗಿದು ಜಾಗ ಖಾಲಿಯಾದಾಗ ಮಾತ್ರ ಮುಂದಿನದು ಒಳಗೆ. ಒಂಬತ್ತು ತಿಂಗಳಲ್ಲಿ ಐದು ತಿಂಗಳ ಕಾಯುವಿಕೆ ಕೆಲವೇ ವಾರಗಳಿಗೆ ಇಳಿಯಿತು. ಆ ಸುಧಾರಣೆಯ ಬಹುಪಾಲು ಬಂದದ್ದು ಕೆಲಸದ ಸಾಲನ್ನು ಕಟ್ಟುವ ಕ್ರಮದಿಂದ.

ಇದರ ಹಿಂದೆ ಗಣಿತವೂ ಇದೆ. ಜಾನ್ ಲಿಟಲ್ ಎಂಬ ಅಮೆರಿಕದ ಪ್ರಾಧ್ಯಾಪಕ 1961ರಲ್ಲಿ ಸಾಧಿಸಿ ತೋರಿಸಿದ ನಿಯಮದ ಪ್ರಕಾರ, ಒಂದು ಕೆಲಸ ಮುಗಿಯಲು ಹಿಡಿಯುವ ಸರಾಸರಿ ಕಾಲವೆಂದರೆ ಕೈಯಲ್ಲಿರುವ ಕೆಲಸಗಳ ಸಂಖ್ಯೆಯನ್ನು ವಾರಕ್ಕೆ ಮುಗಿಯುವ ಸಂಖ್ಯೆಯಿಂದ ಭಾಗಿಸಿದಷ್ಟು. ವಾರಕ್ಕೆ ಮೂರು ಮುಗಿಸಬಲ್ಲ ತಂಡ 12 ಕೆಲಸ ಒಟ್ಟಿಗೆ ಹಿಡಿದರೆ ಪ್ರತಿಯೊಂದಕ್ಕೂ ಸರಾಸರಿ ನಾಲ್ಕು ವಾರ. ಆರೇ ಹಿಡಿದರೆ ಎರಡು ವಾರ. ತಂಡ ಅದೇ, ಸಂಬಳ ಅದೇ, ದಿನಕ್ಕೆ ಗಂಟೆಗಳೂ ಅಷ್ಟೇ. ಈ ಭಾಗಾಕಾರ ಶಾಲೆಯ ಮಕ್ಕಳಿಗೂ ಬರುತ್ತದೆ. ಆದರೂ ಇದನ್ನು ನಂಬುವ ಎದೆಗಾರಿಕೆ ಕೆಲವೇ ಕಚೇರಿಗಳಿಗೆ ಇದೆ. ಬಂದ ಕೆಲಸಕ್ಕೆ ‘ಈಗಲ್ಲ’ ಎನ್ನಬೇಕಾಗುತ್ತದಲ್ಲ.

ಈಗ ಈ ಕಾರ್ಡುಗಳು ಕೂರುವ ಬೋರ್ಡಿಗೆ ಬರೋಣ. ಒಂದು ಕಲ್ಪಿತ ತಂಡವನ್ನು ಇಟ್ಟುಕೊಳ್ಳೋಣ. ದ್ವಾರಕಾ, ನೋಯ್ಡಾ ಸೆಕ್ಟರ್ 62, ಗುರುಗ್ರಾಮ, ಇಂದಿರಾಪುರಂ ಹೀಗೆ ಚದುರಿರುವ ಐದಾರು ಕನ್ನಡಿಗರು. ಮಕ್ಕಳ ವಾರಾಂತ್ಯದ ಕನ್ನಡ ತರಗತಿಗೆ ಒಂದು ವೆಬ್‌ಸೈಟ್ ಮಾಡಬೇಕು. ರಾಜ್ಯೋತ್ಸವದೊಳಗೆ ನೋಂದಣಿ ಶುರುವಾಗಬೇಕು. ರಾಮಕೃಷ್ಣಪುರದ ದೆಹಲಿ ಕರ್ನಾಟಕ ಸಂಘದ ಕಟ್ಟಡದಲ್ಲಿ ಎಲ್ಲರೂ ಒಟ್ಟಾಗಿ ಸಿಗುವುದು ಅಪರೂಪಕ್ಕೆ. ಎಲ್ಲರೂ ಒಂದೇ ಕೋಣೆಯಲ್ಲಿ ಕೂರುವ ತಂಡಕ್ಕೆ ನಿಜ ಹೇಳಬೇಕೆಂದರೆ ತಂತ್ರಾಂಶವೇ ಬೇಡ. ಗೋಡೆ ಮತ್ತು ಅಂಟುಚೀಟಿ ಸಾಕು, ಅದಕ್ಕಿಂತ ಉತ್ತಮವಾದದ್ದು ಇನ್ನೂ ಬಂದಿಲ್ಲ. ಆದರೆ ಹಲವು ಸರ್ಕಾರಗಳ ಕೆಳಗೆ ಹರಡಿದ ಈ ರಾಜಧಾನಿ ವಲಯದಲ್ಲಿ ಒಂದು ಗೋಡೆಗೆ ಎಲ್ಲರನ್ನೂ ಸೇರಿಸುವುದು ಕಷ್ಟ. ನವೆಂಬರ್ ಬಂತೆಂದರೆ ಹೊಗೆ ಬೇರೆ. ಅರ್ಧ ಸಿಬ್ಬಂದಿ ಮನೆಯಿಂದ ಕೆಲಸ ಮಾಡಲಿ ಎಂಬ ಸೂಚನೆ ಹೊರಡುವ ದಿನಗಳಲ್ಲಿ ಗೋಡೆಯ ಚೀಟಿಗಳನ್ನು ನೋಡುವವರಾರು? ಇಲ್ಲಿ ಅಂತರ್ಜಾಲದ ಬೋರ್ಡು ಅಗತ್ಯವಾಗಿ ಬಂದದ್ದೇ ಹೊರತು ಶೋಕಿಗಲ್ಲ.

ಜಿರಾದಲ್ಲಿ ಹತ್ತು ಜನರವರೆಗಿನ ತಂಡಕ್ಕೆ ಉಚಿತ ಯೋಜನೆ ಇದೆ. ಈ ಬಳಗಕ್ಕೆ ಧಾರಾಳ ಸಾಕು. ಟ್ರೆಲ್ಲೊ ಇನ್ನೂ ಹಗುರ. ಅದೂ ಈಗ ಅಟ್ಲಾಸಿಯನ್ ಮನೆಯದೇ, 2017ರಲ್ಲಿ ಕೊಂಡದ್ದು. ಚೆನ್ನೈ ಮೂಲದ ಜೋಹೊದ ಸ್ಪ್ರಿಂಟ್ಸ್ ಇದೆ. ತಮ್ಮದೇ ಸರ್ವರಿನಲ್ಲಿ ಇಟ್ಟುಕೊಳ್ಳುವ ಹಟವಿದ್ದವರಿಗೆ ರೆಡ್‌ಮೈನ್, ಓಪನ್‌ಪ್ರಾಜೆಕ್ಟ್‌ನಂಥ ಮುಕ್ತ ತಂತ್ರಾಂಶಗಳಿವೆ. ಯಾವುದು ಒಳ್ಳೆಯದು ಎಂಬ ಚರ್ಚೆಗೆ ಒಂದು ಸಂಜೆಗಿಂತ ಹೆಚ್ಚು ಕೊಡಬೇಡಿ. ಹೊಸ ತಂಡಕ್ಕೆ ಇವುಗಳ ನಡುವಿನ ವ್ಯತ್ಯಾಸ ಮುಟ್ಟುವುದೇ ಇಲ್ಲ.

ಬೋರ್ಡು ತೆರೆದೊಡನೆ ಸಾಮಾನ್ಯವಾಗಿ ತಂತ್ರಾಂಶ ತಾನಾಗಿಯೇ ಮೂರು ಅಂಕಣ ಕೊಡುತ್ತದೆ: ಮಾಡಬೇಕಾದ್ದು, ಮಾಡುತ್ತಿರುವುದು, ಮುಗಿದದ್ದು. ನಡುವೆ ಒಂದನ್ನು ಸೇರಿಸಿ, ‘ಪರೀಕ್ಷೆ’. ಅಲ್ಲಿಗೆ ಸಾಕು. ಅಂಕಣ ಹೆಚ್ಚಿಸುವ ಚಪಲ ಹೊಸಬರೆಲ್ಲರಿಗೂ ಇರುತ್ತದೆ. ‘ಸಮಿತಿಯ ಒಪ್ಪಿಗೆಗೆ’, ‘ಮರುಪರಿಶೀಲನೆ’, ‘ತಡೆಹಿಡಿದಿದೆ’ ಎಂದು ಹನ್ನೊಂದು ಅಂಕಣ ಮಾಡಿದರೆ ಸರ್ಕಾರಿ ಕಡತದ ದಾರಿಯನ್ನೇ ಪರದೆಯ ಮೇಲೆ ಕಟ್ಟಿದಂತಾಗುತ್ತದೆ. ಪರದೆಯ ಪದಗಳು ಕನ್ನಡದಲ್ಲಿ ಸಿಗದಿದ್ದರೇನಂತೆ, ಅಂಕಣದ ಹೆಸರನ್ನೂ ಕಾರ್ಡಿನ ಒಳಗಣ ಬರಹವನ್ನೂ ಕನ್ನಡದಲ್ಲೇ ಬರೆಯಬಹುದು.

ಕಾರ್ಡು ಬರೆಯುವುದೇ ನಿಜವಾದ ಕಸುಬು. ‘ವೆಬ್‌ಸೈಟ್ ಮಾಡುವುದು’ ಎಂದು ಬರೆದ ಕಾರ್ಡು ನಾಲ್ಕು ತಿಂಗಳು ‘ಮಾಡುತ್ತಿರುವುದು’ ಅಂಕಣದಲ್ಲೇ ಕುಳಿತಿರುತ್ತದೆ. ‘ಡೇಟಾಬೇಸ್ ಸಿದ್ಧಪಡಿಸುವುದು’ ಕೂಡ ಅಷ್ಟಕ್ಕಷ್ಟೆ. ಮುಗಿದರೂ ಹೊರಗಿನವರಿಗೆ ಏನೂ ಕಾಣದು. ‘ತಾಯಿ ತನ್ನ ಫೋನಿನಲ್ಲೇ ಮಗುವಿನ ಹೆಸರು, ವಯಸ್ಸು, ಹತ್ತಿರದ ಮೆಟ್ರೋ ನಿಲ್ದಾಣ ತುಂಬಿ ನೋಂದಾಯಿಸಬಹುದು’ ಎಂದು ಬರೆಯಿರಿ. ಯಾರಿಗಾಗಿ, ಏನು ಎಂಬುದು ಎರಡು ಸಾಲಿನಲ್ಲಿದೆ. ಮುಗಿಯಿತೋ ಇಲ್ಲವೋ ಎಂದು ತಾಯಿಯೊಬ್ಬಳು ಫೋನ್ ಹಿಡಿದು ಹೇಳಬಲ್ಲಳು. ಕೆಲಸದ ವಿವರವನ್ನೆಲ್ಲ ಕಾರ್ಡಿನಲ್ಲೇ ತುರುಕಬೇಡಿ. ಕಾರ್ಡು ಇರುವುದು ಮಾತನಾಡಲು ನೆನಪಿಸುವುದಕ್ಕೆ. ‘ಮುಗಿದದ್ದು’ ಎಂದರೆ ಏನೆಂದು ಆರಂಭದಲ್ಲೇ ಒಪ್ಪಂದವಾಗಲಿ: ಮಾಡಿದವನಲ್ಲದೆ ಇನ್ನೊಬ್ಬರು ಸಾಧಾರಣ ಫೋನಿನಲ್ಲಿ ತೆರೆದು, ಕನ್ನಡ ಅಕ್ಷರ ಸರಿಯಾಗಿ ಮೂಡಿದೆಯೇ ನೋಡಿ, ಒಂದು ಸುಳ್ಳು ನೋಂದಣಿ ಮಾಡಿ ಅಳಿಸಿದ ಮೇಲೆಯೇ ಕಾರ್ಡು ಕೊನೆಯ ಅಂಕಣಕ್ಕೆ ಹೋಗಬೇಕು. ಈ ಒಪ್ಪಂದವಿಲ್ಲದ ಬೋರ್ಡಿನಲ್ಲಿ ಶೇಕಡಾ ತೊಂಬತ್ತು ಮುಗಿದ ಕೆಲಸಗಳೇ ತುಂಬಿರುತ್ತವೆ.

ಆಮೇಲೆ ಮಿತಿ. ‘ಮಾಡುತ್ತಿರುವುದು’ ಅಂಕಣಕ್ಕೆ ಮೂರು, ‘ಪರೀಕ್ಷೆ’ಗೆ ಎರಡು. ಆರು ಜನರಿದ್ದರೆ ಮೂರು ಕಾರ್ಡು ಕಡಿಮೆಯಾಯಿತಲ್ಲ ಎನ್ನಬಹುದು. ಬೇಕೆಂದೇ ಕಡಿಮೆ. ನಾಲ್ಕನೆಯವನು ಹೊಸ ಕಾರ್ಡು ಎಳೆಯುವ ಬದಲು ‘ಪರೀಕ್ಷೆಯಲ್ಲಿ ಸಿಕ್ಕಿಹಾಕಿಕೊಂಡಿದೆಯಲ್ಲ, ನಾನು ನೋಡಲಾ’ ಎಂದು ಕೇಳಬೇಕು. ಜಿರಾದಲ್ಲಿ ಅಂಕಣಕ್ಕೆ ಈ ಸಂಖ್ಯೆ ಹಾಕಲು ಜಾಗವಿದೆ. ಆದರೆ ಮಿತಿ ಮೀರಿದರೆ ಅಂಕಣದ ಬಣ್ಣ ಬದಲಾಗುತ್ತದೆ, ಅಷ್ಟೆ. ಕಾರ್ಡು ಒಳಗೆ ಬಾರದಂತೆ ಅದು ತಡೆಯುವುದಿಲ್ಲ. ಮಾರುತಿಯ ಕಾರ್ಡಿಗೂ ಇದಕ್ಕೂ ಇರುವ ಅಂತರ ಈ ಒಂದು ಅಂಶದಲ್ಲೇ ಕಾಣುತ್ತದೆ: ಅಲ್ಲಿ ಕಾರ್ಡಿಲ್ಲದಿದ್ದರೆ ಯಂತ್ರ ನಿಲ್ಲುತ್ತದೆ, ಇಲ್ಲಿ ಪರದೆ ನಾಚಿ ಕೆಂಪಾಗುತ್ತದೆ. ನಿಲ್ಲಿಸುವ ಕೆಲಸ ಮನುಷ್ಯರದ್ದೇ.

ಮೊದಲ ಕಂತಿನಲ್ಲಿ ಏನು ಹೊರಬರಬೇಕು? ಫೋಟೊ ಗ್ಯಾಲರಿ ಬೇಡ, ಪದಾಧಿಕಾರಿಗಳ ಪಟ್ಟಿ ಬೇಡ (ಈ ಬೇಡಿಕೆಯನ್ನು ಸಮಿತಿಯಲ್ಲಿ ಗೆಲ್ಲುವುದೇ ದೊಡ್ಡ ಸಾಧನೆ). ನೋಂದಣಿ ಪುಟ ಒಂದೇ. ದೊಡ್ಡ ಯೋಜನೆಗಳೂ ಹೀಗೆ ಚಿಕ್ಕದಾಗಿ ತೆರೆದದ್ದುಂಟು. ದೆಹಲಿ ಮೆಟ್ರೋ 2002ರ ಡಿಸೆಂಬರ್ 24ರಂದು ಉದ್ಘಾಟನೆಯಾದಾಗ ತೆರೆದದ್ದು ಶಾಹ್‌ದರಾದಿಂದ ತೀಸ್ ಹಜಾರಿವರೆಗಿನ ಎಂಟು ಚಿಲ್ಲರೆ ಕಿಲೋಮೀಟರ್ ಮಾತ್ರ. ಮೊದಲ ಹಂತದ ಸುಮಾರು 65 ಕಿಲೋಮೀಟರ್ ಪೂರ್ತಿಯಾಗಿ ಓಡಾಟಕ್ಕೆ ಸಿಕ್ಕಿದ್ದು 2006ರ ಹೊತ್ತಿಗೆ. ಎಲ್ಲ ಮುಗಿಯಲಿ ಎಂದು ಕಾದಿದ್ದರೆ ಜನಸಂದಣಿ ಹೇಗಿರುತ್ತದೆಂಬ ಪಾಠ ನಾಲ್ಕು ವರ್ಷ ತಡವಾಗಿ ಬರುತ್ತಿತ್ತು. ಹಾಗಂತ ಮೆಟ್ರೋವನ್ನು ಅಜೈಲ್ ಎನ್ನುವವರ ಮಾತು ನಂಬಬೇಡಿ. ಕೊಂಕಣ ರೈಲ್ವೆ ಕಟ್ಟಿ ಬಂದಿದ್ದ ಇ. ಶ್ರೀಧರನ್ ಅಲ್ಲಿ ಗೋಡೆಗೆ ಹಾಕಿಸಿದ್ದು ದಿನಗಳನ್ನು ಇಳಿಕೆಯಲ್ಲಿ ಎಣಿಸುವ ಗಡಿಯಾರಗಳನ್ನು. ಕಾಂಕ್ರೀಟ್ ಕಂಬವನ್ನು ಮುಂದಿನ ವಾರ ಎರಡು ಅಡಿ ಸರಿಸಲಾಗದು. ಅಲ್ಲಿ ಯೋಜನೆ ಮೊದಲೇ ಗಟ್ಟಿಯಾಗಿರಬೇಕು. ವೆಬ್ ಪುಟದ ಗುಂಡಿಯನ್ನು ಸರಿಸಬಹುದು. ಅಜೈಲ್ ಸಲ್ಲುವುದು ಸರಿಸಲು ಬರುವ ವಸ್ತುಗಳಿಗೆ.

ಎರಡು ವಾರದ ಕೆಲಸದ ಕಂತು, ಅಂದರೆ ಸ್ಪ್ರಿಂಟ್, ಬೇಕೋ, ಕಾನ್‌ಬಾನ್ ಸಾಲು ಬೇಕೋ ಎಂದು ಜಿರಾದಂಥ ತಂತ್ರಾಂಶ ಶುರುವಿನಲ್ಲೇ ಕೇಳುತ್ತದೆ. ಬಿಡುವಿನ ವೇಳೆಯಲ್ಲಿ ಕೆಲಸ ಮಾಡುವ ಬಳಗಕ್ಕೆ ಕಾನ್‌ಬಾನ್ ಸುಲಭ. ದಿನಪೂರ್ತಿ ಕೆಲಸದ ತಂಡಕ್ಕೆ, ಕ್ಲೈಂಟಿಗೆ ನಿಗದಿತ ಗಡುವಿನಲ್ಲಿ ತೋರಿಸಬೇಕಿದ್ದರೆ, ಸ್ಕ್ರಮ್ ಪದ್ಧತಿಯ ಸ್ಪ್ರಿಂಟ್ ಸರಿ. ಕೆನ್ ಶ್ವೇಬರ್ ಮತ್ತು ಜೆಫ್ ಸದರ್ಲ್ಯಾಂಡ್ ಬರೆದ ಸ್ಕ್ರಮ್ ಕೈಪಿಡಿ ತೆಳ್ಳಗಿದೆ, ಉಚಿತ; ದುಬಾರಿ ಪ್ರಮಾಣಪತ್ರದ ಕೋರ್ಸಿಗೆ ಸೇರುವ ಮುನ್ನ ಓದಿಬಿಡಿ. ಸ್ಪ್ರಿಂಟ್ ಒಂದು ತಿಂಗಳು ಮೀರಬಾರದು, ದಿನದ ಸಭೆ 15 ನಿಮಿಷ ಮೀರಬಾರದು ಎನ್ನುತ್ತದೆ ಅದು. ಸ್ಪ್ರಿಂಟ್‌ಗೆ ಎತ್ತಿಕೊಂಡ ಕೆಲಸಗಳ ಪಟ್ಟಿ ತಂಡದ ವಚನವಲ್ಲ, ಮುನ್ನಂದಾಜು ಎಂದು 2011ರ ಆವೃತ್ತಿಯಲ್ಲೇ ತಿದ್ದಿಕೊಂಡರು. ಸೈಬರ್ ಸಿಟಿಯ ಎಷ್ಟೋ ಕಚೇರಿಗಳಿಗೆ ಆ ತಿದ್ದುಪಡಿ ಇನ್ನೂ ತಲುಪಿಲ್ಲ. ಕೆಲಸದ ಗಾತ್ರಕ್ಕೆ 1, 2, 3, 5, 8 ಎಂದು ಅಂಕ ಕೊಡುವ ಸ್ಟೋರಿ ಪಾಯಿಂಟ್ ಪದ್ಧತಿಯ ಬಗೆಗೂ ಅಷ್ಟೆ. ಅದನ್ನು ಬಹುಶಃ ತಾನೇ ಹುಟ್ಟುಹಾಕಿರಬಹುದು, ಹಾಗಿದ್ದರೆ ಕ್ಷಮೆಯಿರಲಿ ಎಂಬರ್ಥದ ಮಾತನ್ನು ಸ್ನೋಬರ್ಡಿನ ಆ 17 ಮಂದಿಯಲ್ಲಿ ಒಬ್ಬನಾದ ರಾನ್ ಜೆಫ್ರೀಸ್ ಬರೆದುಕೊಂಡಿದ್ದಾನೆ. ಒಂದು ತಂಡ ತನ್ನ ತಿಳಿವಳಿಕೆಗೆ ಇಟ್ಟುಕೊಂಡ ಅಂಕಗಳನ್ನು ಎರಡು ತಂಡಗಳನ್ನು ಹೋಲಿಸಲು ಬಳಸಿದ ದಿನದಿಂದ, ನಿನ್ನೆಯ ಮೂರು ಅಂಕದ ಕೆಲಸ ಇಂದು ಐದಾಗುತ್ತದೆ. ಚಾರ್ಟು ಏರುತ್ತದೆ, ಕೆಲಸ ಮಾತ್ರ ಇದ್ದಷ್ಟೇ ಇರುತ್ತದೆ.

ದಿನದ ಆ ಚಿಕ್ಕ ಸಭೆಗೆ ಸ್ಟ್ಯಾಂಡಪ್ ಎನ್ನುತ್ತಾರೆ. ಇಲ್ಲಿ ಅದು ದರ್ಬಾರಾಗಿ ಮಾರ್ಪಡುವುದನ್ನು ನೋಡಬೇಕು. ಮ್ಯಾನೇಜರು ನಡುವೆ, ಸುತ್ತ ತಂಡ. ಒಬ್ಬೊಬ್ಬರೂ ಸಹೋದ್ಯೋಗಿಯನ್ನು ಬಿಟ್ಟು ಅವರ ಮುಖವನ್ನೇ ನೋಡುತ್ತ ವರದಿ ಒಪ್ಪಿಸುತ್ತಾರೆ. ‘ಯೇ ಕಬ್ ತಕ್?’ ‘ಹೋ ಜಾಯೇಗಾ ಸರ್.’ ನಮ್ಮ ‘ಆಗ್ತಾ ಇದೆ ಸರ್’ ಕೂಡ ಅದೇ ತೂಕದ್ದು. ಆ ಉತ್ತರಕ್ಕೆ ಬೋರ್ಡಿನಲ್ಲಿ ಅಂಕಣವಿಲ್ಲ. ಇದಕ್ಕೆ ಪಳಗಿದ ತಂಡಗಳು ಕಂಡುಕೊಂಡ ಉಪಾಯವೆಂದರೆ ಜನರ ಹೆಸರು ಹಿಡಿದು ಕೇಳುವುದನ್ನು ಬಿಡುವುದು. ಬೋರ್ಡನ್ನು ಬಲದಿಂದ ಎಡಕ್ಕೆ ಓದಿ. ಮುಗಿಯಲು ಹತ್ತಿರವಿರುವ ಕಾರ್ಡು ಮೊದಲು: ‘ಇದು ಕೊನೆಯ ಅಂಕಣಕ್ಕೆ ಹೋಗಲು ಏನು ಅಡ್ಡ?’ ಪ್ರಶ್ನೆ ಕಾರ್ಡಿನ ಮೇಲಿರುವುದರಿಂದ ಕಿರಿಯ ಹುಡುಗಿಯೂ ಬಾಯಿ ಬಿಡುತ್ತಾಳೆ. ಮ್ಯಾನೇಜರು ಎಲ್ಲರಿಗಿಂತ ಕೊನೆಗೆ ಮಾತಾಡಲಿ, ಸಾಧ್ಯವಾದರೆ ಮಾತಾಡದಿರಲಿ. ಅಮೆರಿಕದ ಕ್ಲೈಂಟ್ ಇದ್ದರೆ ನೋಯ್ಡಾದಲ್ಲಿ ರಾತ್ರಿ ಒಂಬತ್ತು ನ್ಯೂಯಾರ್ಕಿನ ಬೇಸಿಗೆಯ ಬೆಳಿಗ್ಗೆ ಹನ್ನೊಂದೂವರೆ. ಸಂಜೆ ಐದಕ್ಕೇ ಬೋರ್ಡು ಸತ್ಯ ಹೇಳುವಂತಿದ್ದರೆ ಆ ರಾತ್ರಿಯ ಕರೆ ಕಾಲು ಗಂಟೆಗೆ ಮುಗಿದು ಊಟ ಬಿಸಿಯಾಗಿ ಸಿಕ್ಕೀತು.

ಸುರಕ್ಷೆಯ ಒಂದು ಮಾತು. ಬೋರ್ಡು ಅಂತರ್ಜಾಲದಲ್ಲಿದೆ. ‘ಸಾರ್ವಜನಿಕ’ ಎಂದು ಗುರುತಿಟ್ಟ ಟ್ರೆಲ್ಲೊ ಬೋರ್ಡುಗಳೊಳಗಿನ ಪಾಸ್‌ವರ್ಡುಗಳು ಗೂಗಲ್ ಹುಡುಕಾಟದಲ್ಲೇ ಸಿಗುತ್ತಿದ್ದದ್ದು 2018ರಲ್ಲಿ ಬಯಲಾಗಿತ್ತು. ಬೋರ್ಡನ್ನು ಖಾಸಗಿಯಾಗಿಡಿ, ಮಕ್ಕಳ ಹೆಸರು, ಫೋನ್ ನಂಬರು, ಆಧಾರ್ ಪ್ರತಿ, ಹೋಸ್ಟಿಂಗ್ ಪಾಸ್‌ವರ್ಡು ಯಾವುದನ್ನೂ ಕಾರ್ಡಿಗೆ ಅಂಟಿಸಬೇಡಿ. ತಂಡ ಬಿಟ್ಟವರ ಖಾತೆಯನ್ನು ಅಂದೇ ತೆಗೆಯಿರಿ. ಜೊತೆಗೆ ಇಮೇಲ್ ಸೂಚನೆಗಳನ್ನೂ ಕಡಿಮೆ ಮಾಡಿ. ಪ್ರತಿ ಕಾರ್ಡು ಅಲುಗಿದಾಗಲೂ ಪತ್ರ ಬಂದರೆ ಮೂರನೆಯ ದಿನದಿಂದ ಯಾರೂ ಯಾವ ಪತ್ರವನ್ನೂ ತೆರೆಯುವುದಿಲ್ಲ.

ಇನ್ನು ಬ್ಯಾಕ್‌ಲಾಗ್. ಮುಂದೆಂದೋ ಮಾಡಬೇಕಾದ ಕೆಲಸಗಳ ಪಟ್ಟಿ. ಹಳ್ಳಿಮನೆಯ ಅಟ್ಟದ ಹಾಗೆ ಅದು. ಎಸೆಯಲು ಮನಸ್ಸಾಗದ್ದೆಲ್ಲ ಮೇಲೇರುತ್ತದೆ. ನೂರಾರು ಕಾರ್ಡುಗಳ ಬ್ಯಾಕ್‌ಲಾಗ್ ಇದೆಯೆಂದು ಹೆಮ್ಮೆಪಡುವ ತಂಡಗಳಿವೆ, ಕೈಯಲ್ಲಿ ಅಷ್ಟು ಕೆಲಸವಿದೆ ಎಂಬ ಭಾವ. ಹೈದರಾಬಾದಿನ ಆ ತಂಡಕ್ಕೆ ಮೊದಲು ಇದ್ದದ್ದೂ ಅಂಥದ್ದೇ ಸಾಲು. ಮೂರು ತಿಂಗಳಿಂದ ಯಾರೂ ಮುಟ್ಟದ ಕಾರ್ಡುಗಳನ್ನು ತಿಂಗಳ ಕೊನೆಯ ಶನಿವಾರ ಒಟ್ಟಿಗೆ ಕೂತು ತೆಗೆದುಹಾಕಿ. ನಿಜಕ್ಕೂ ಬೇಕಿದ್ದದ್ದನ್ನು ಯಾರಾದರೂ ಮತ್ತೆ ಕೇಳಿಯೇ ಕೇಳುತ್ತಾರೆ, ಆಗ ಹೊಸದಾಗಿ ಬರೆದರಾಯಿತು. ಜಿರಾದಲ್ಲಿ ಅಳಿಸುವ ಅಧಿಕಾರ ಸಾಮಾನ್ಯವಾಗಿ ಅಡ್ಮಿನ್ ಕೈಯಲ್ಲಿರುತ್ತದೆ. ಅವರು ಒಪ್ಪದಿದ್ದರೆ ‘ಮಾಡುವುದಿಲ್ಲ’ ಎಂಬ ಗುರುತು ಹಾಕಿ ಮುಚ್ಚಿಬಿಡಿ. ಕೋರಿದವರಿಗೆ ಒಂದು ಫೋನ್ ಮಾಡಿ ತಿಳಿಸಿ, ಆಮೇಲೆ ಮುಚ್ಚಿ.